ಮೈಕ್ ಚನ್ನಕೇಶವಣ್ಣನ ಮನೆಗೆ ಹಾಡು ಬಂದದ್ದು

ಚನ್ನಕೇಶವ ನನಗೆ ಎರಡು ಕಡೆಯಿಂದಲೂ ಮಾವ. ನನ್ನ ಅಮ್ಮನ ಅಣ್ಣ ಅನ್ನುವುದು ಒಂದು, ಅವರ ಮಗ ಚಿರಂಜೀವಿಯನ್ನು ನಾನು ಕಟ್ಟಿಕೊಂಡಿರುವುದು ಇನ್ನೊಂದು. ಹಾಗಾಗಿ ಅವರ ಮೇಲೆ ರೇಗುವ ಹಕ್ಕೂ ನನಗೆ ಎರಡು ಪಾಲು ಇದೆ. ಜಂಗಮಕೋಟೆಯ ಬಸ್ ಸ್ಟಾಂಡಿನಲ್ಲಿ ಇಳಿದು ಬರೀ ಚನ್ನಕೇಶವ ಅಂತ ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಮೈಕ್ ಚನ್ನಕೇಶವಣ್ಣ ಅನ್ನಬೇಕು. ಆಗ ಕೇಳಿದವರನ್ನು ಕೈ ಹಿಡಿದು ಕರೆದುಕೊಂಡು ಬಂದು ಬಿಟ್ಟುಹೋಗುತ್ತಾರೆ.

ಸುತ್ತಲಿನ ಹಳ್ಳಿಗಳಲ್ಲಿ ಮದುವೆ, ನಾಮಕರಣ, ಗೃಹಪ್ರವೇಶ ಏನೇ ಆದರೂ ಒಂದು ಕಾಲಕ್ಕೆ ಮಾವನ ಮೈಕ್ ಸೆಟ್ಟೇ. ಸೈಕಲ್ಲಿನ ಹಿಂದೆ ಆಂಪ್ಲಿಫೈಯರ್ ಪೆಟ್ಟಿಗೆ, ಮುಂದೆ ರೆಕಾರ್ಡುಗಳ ಚೀಲ, ಹೆಗಲಿಗೆ ತುತ್ತೂರಿಯಂಥ ಹಾರನ್ನು. ಮದುವೆ ಮನೆಯ ಮುಂದಿನ ಬೇವಿನ ಮರಕ್ಕೋ ಹುಣಸೆ ಮರಕ್ಕೋ ಹತ್ತಿ ಹಾರನ್ನು ಕಟ್ಟಿ, ಕೆಳಗೆ ಚಾಪೆ ಹಾಸಿಕೊಂಡು ಕೂತರೆ ಮುಗಿಯಿತು, ಕೊನೆಯ ಪಂಕ್ತಿಯವರು ಉಂಡು ಕೈ ತೊಳೆಯುವ ತನಕ ಏಳುವ ಹಾಗಿಲ್ಲ. ಮೊದಲ ರೆಕಾರ್ಡು ಗಣೇಶನದು. ಕೊನೆಯದು ಮಂಗಳದ್ದು. ನಡುವೆ ಕನ್ನಡ, ತೆಲುಗು, ಯಾರು ಏನು ಕೇಳಿದರೆ ಅದು. ಕ್ಯಾಸೆಟ್ಟು ಬಂದ ಮೇಲೂ ಮಂಗಳಕ್ಕೆ ಮಾತ್ರ ಆ ಹಳೆಯ ರೆಕಾರ್ಡೇ ಆಗಬೇಕು. ಅದು ಹಾಡದೆ ವೈರು ಬಿಚ್ಚಿದರೆ ಮದುವೆ ಮನೆಗೆ ಒಳ್ಳೆಯದಲ್ಲ ಅನ್ನುವುದು ಅವರ ನಂಬಿಕೆ.

ಇಷ್ಟೆಲ್ಲ ಊರಿಗಾಯಿತು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಮಾವನ ಸ್ವಂತ ಮನೆಯಲ್ಲಿ ಒಂದು ರೆಕಾರ್ಡೂ ಹಾಡಿರಲಿಲ್ಲ. ಅದಕ್ಕೆ ಕಾರಣ ರೇಷ್ಮೆ ಹುಳು. ನಮ್ಮ ಅತ್ತೆ ಓಬಳಮ್ಮ ಹುಳು ಸಾಕುತ್ತಿದ್ದದ್ದು ಮನೆಯ ನಡುಮನೆಯಲ್ಲೇ. ಗೋಡೆಯುದ್ದಕ್ಕೂ ಬಿದಿರಿನ ತಟ್ಟೆಗಳು, ಮನೆಯವರು ಮಲಗುವುದು ಉಳಿದ ಜಾಗದಲ್ಲಿ. ಹುಳು ಬೆಳೆಯುವಾಗ ಆಗಾಗ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಮೈಯ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಹುಳು ಜ್ವರಕ್ಕೆ ಕೂತಾಗ ಮನೆಯಲ್ಲಿ ಗಟ್ಟಿ ಮಾತಿಲ್ಲ, ಪಾತ್ರೆ ಎತ್ತಿ ಹಾಕುವಂತಿಲ್ಲ, ನಗುವುದಾದರೂ ಹೊರಗೆ ಹೋಗಿ ನಕ್ಕು ಬರಬೇಕು. ಇದು ಅತ್ತೆಯ ಕಟ್ಟಳೆ. ಸರ್ಕಾರಿ ಪುಸ್ತಕದಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ಬೆಳೆ ಇಳಿಸುವಷ್ಟರಲ್ಲಿ ಇನ್ನೊಂದು ಬೆಳೆಯ ಮರಿ ಬರುತ್ತಿತ್ತು, ಹಾಗಾಗಿ ಕಟ್ಟಳೆಗೆ ರಜೆಯೇ ಇರಲಿಲ್ಲ.

ಹುಳು ಬಿಟ್ಟು ಅತ್ತೆ ಎಲ್ಲಿಗೂ ಹೋಗುವಂತಿರಲಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಕೊಡದಿದ್ದರೆ ಬೆಳೆ ಕೆಡುತ್ತದೆ. ಮಾವ ಹೋದ ಯಾವ ಮದುವೆಗೂ ಅತ್ತೆ ಹೋದದ್ದಿಲ್ಲ.

“ಊರೋರೆಲ್ಲ ನನ್ನ ಪ್ಲೇಟು ಕೇಳವ್ರೆ. ನನ್ನ ಹೆಂಡ್ತಿ ಒಬ್ಳು ಕೇಳಿಲ್ಲ ನೋಡಮ್ಮ” ಅಂತ ಮಾವ ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾರೆ. ರೆಕಾರ್ಡಿಗೆ ಅವರು ಪ್ಲೇಟು ಅನ್ನುವುದು. ಹೇಳಿದ ಮೇಲೆ ತಪ್ಪದೆ ಒಂದು ಜಂಬದ ಮಾತೂ ಸೇರಿಸುತ್ತಿದ್ದರು. “ಆದ್ರೂ ಅವ್ಳು ಎಂಥೋಳು ಅಂತೀಯ? ನಾನು ಯಾವ ಹೊತ್ತಿಗೆ ಬಂದ್ರೂ ಮುದ್ದೆ ಹೊಗೆ ಆಡ್ತಿರ್ತಿತ್ತು. ಮದುವೆ ಮನೇಲಿ ಲಾಡು ಕೊಟ್ರೂ ತಿಂತಿರ್ಲಿಲ್ಲ ನಾನು, ಮನೇಲಿ ಬಿಸಿ ಮುದ್ದೆ ಐತಲ್ಲ ಅಂತ. ಚಿಂತಾಮಣಿ ಕಡೆ, ಗೌರಿಬಿದನೂರು ಕಡೆ ದೂರಕ್ಕೆ ಹೋದ ದಿನ ಮಾತ್ರ ಆರಿರೋದು. ಅಷ್ಟು ದೂರ ಯಾಕೆ ಹೋದೆ ಅಂತ ಕೋಪ ಅವ್ಳಿಗೆ.”

ಆಮೇಲೆ ಡಿಜೆಗಳು ಬಂದವು, ಮೈಕ್ ಸೆಟ್ಟು ಅಟ್ಟ ಸೇರಿತು. ಹಳೆಯ ಪ್ಲೇಯರನ್ನು ಇಲಿ ಕಡಿದವು. ರೆಕಾರ್ಡುಗಳನ್ನು ಮಾತ್ರ ಮಾವ ಹಳೆ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರು. ಈಚೆಗೆ ಚಿರಂಜೀವಿ ಹಿಪ್ಪುನೇರಳೆ ತೋಟದಲ್ಲೇ ಹುಳು ಮನೆ ಕಟ್ಟಿಸಿದ. ನಡುಮನೆ ಖಾಲಿಯಾಯಿತು. ಖಾಲಿಯಾದ ಗೋಡೆಗೆ ದೊಡ್ಡ ಟಿವಿ ಬಂತು. ಆದರೂ ನಾವೆಲ್ಲ ಪಿಸುಪಿಸು ಮಾತಾಡುತ್ತಲೇ ಇದ್ದೆವು. ಅಭ್ಯಾಸ ಎಲ್ಲಿ ಹೋಗುತ್ತದೆ? ನಮ್ಮ ಮನೆಯವರು ಜಗಳ ಆಡಿದರೂ ಪಕ್ಕದ ಮನೆಯವರಿಗೆ ಸುಖವಿಲ್ಲ.

ಈ ಪಿಸುಮಾತಿನ ಮನೆಯಲ್ಲಿ ಅತ್ತೆಗೆ ಕಿವಿ ಮಂದವಾಗುತ್ತಿರುವುದು ನಮಗ್ಯಾರಿಗೂ ಗೊತ್ತಾಗಲಿಲ್ಲ. ಕರೆದರೆ ತಿರುಗಿ ನೋಡದಿದ್ದಾಗ ಏನೋ ಬೇಜಾರಿರಬೇಕು ಅಂದುಕೊಂಡೆವು. ಗೊತ್ತಾದದ್ದು ಹುಳುವಿನಿಂದಲೇ. ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪಿಗೆ ಬಿದ್ದರೆ ಸಣ್ಣ ಮಳೆ ಸುರಿದಂತೆ ಸದ್ದು ಬರುತ್ತದೆ. ಅತ್ತೆ ಹುಳು ಮನೆಯ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಆ ಸದ್ದು ಕೇಳಿಯೇ ಬೆಳೆಯ ಆರೋಗ್ಯ ಹೇಳುತ್ತಿದ್ದರು. ಹೋದ ವರ್ಷ ಒಂದು ಬೆಳಗ್ಗೆ ಹಾಗೆ ನಿಂತವರು ಮುಖ ಇಳಿಸಿಕೊಂಡು ಬಂದು, “ಹುಳ ಸೊಪ್ಪು ಮುಟ್ತಿಲ್ಲ ಕಣೋ ಚಿರಂಜೀವಿ, ಏನೋ ರೋಗ ಬಿದ್ದೈತೆ” ಅಂದರು. ಅವನು ಎದ್ದೆನೋ ಬಿದ್ದೆನೋ ಅಂತ ಓಡಿದ, ಹಿಂದೆ ನಾನೂ. ಹೋಗಿ ನೋಡಿದರೆ ಅರ್ಧಕ್ಕರ್ಧ ಸೊಪ್ಪು ಖರ್ಚಾಗಿ ಕಡ್ಡಿ ಕಾಣುತ್ತಿದೆ, ಹುಳು ಉಳಿದ ಸೊಪ್ಪಿಗೆ ಮುಗಿಬಿದ್ದಿವೆ. ಅವನು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ. ನಮ್ಮಿಬ್ಬರಿಗೂ ಮಳೆ ಸುರಿದಂತೆ ಕೇಳುತ್ತಿತ್ತು. ಅತ್ತೆಗೆ ಕೇಳುತ್ತಿರಲಿಲ್ಲ.

ಚಿಕ್ಕಬಳ್ಳಾಪುರದ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ನರದ ತೊಂದರೆ, ಮುಂದೆ ಇನ್ನೂ ಕಮ್ಮಿ ಆಗುತ್ತಾ ಹೋಗಬಹುದು ಅಂದರು. ಕಿವಿಗೊಂದು ಮಿಷನ್ನು ಕೊಟ್ಟರು. ಜೀರುಂಡೆ ಹೊಕ್ಕಂತೆ ಆಗುತ್ತದೆ ಅಂತ ಅತ್ತೆ ಅದನ್ನು ನೆಂಟರ ಮನೆಗೆ ಹೋಗುವಾಗ ಮಾತ್ರ ಹಾಕಿಕೊಳ್ಳುತ್ತಾರೆ, ಬಂಗಾರದ ಓಲೆಯ ಹಾಗೆ. ಸಂಜೆ ಧಾರಾವಾಹಿ ಬಂದರೆ “ಏನಂದ್ಲು? ಅವ್ನೇನಂದ?” ಅಂತ ನನ್ನನ್ನು ಕೇಳುತ್ತಾರೆ. ನಾನು ಡೇರಿಯಲ್ಲಿ ಊರವರಿಂದ ಹಾಲು ಹಾಕಿಸಿಕೊಂಡು ಸುಸ್ತಾಗಿ ಬಂದವಳು, ಇಡೀ ಸಂಸಾರದ ಮಾತನ್ನು ಎರಡೆರಡು ಸಲ ಕೂಗಿ ಹೇಳಬೇಕು. ಕೊನೆಗೆ ಅತ್ತೆ ಕೇಳುವುದನ್ನೇ ಬಿಟ್ಟರು. ಟಿವಿ ಹಾಕಿದರೆ ಎದ್ದು ಹಟ್ಟಿಗೆ ಹೋಗಿ ಹಸುಗಳ ಮುಂದೆ ಕೂರತೊಡಗಿದರು. ನನಗೆ ಕಷ್ಟವಾಗಿದ್ದು ಆಗ.

“ಟಿವಿಗೆ ಒಂದು ಸೌಂಡ್‌ಬಾರ್ ಹಾಕ್ಸಣ” ಅಂತ ಚಿರಂಜೀವಿ ಫೋನು ತೆಗೆದ.

ಮಾವ ಬೇಡ ಅಂದರು. “ಟಿವಿಗೂ ಆಗ್ಬೇಕು, ಪ್ಲೇಟೂ ಹಾಡ್ಬೇಕು. ಅಂಥದ್ದು ತರಣ. ಅವ್ಳಿಗೆ ಕಿವಿ ಇರೋ ಹೊತ್ತಿಗೇ ನನ್ನ ಪ್ಲೇಟು ಒಂದ್ಸಲ ಕೇಳ್ಬಿಡ್ಲಿ.” ಹೇಳುತ್ತಲೇ ಟ್ರಂಕು ಎಳೆದು, ಸೀರೆ ಬಿಚ್ಚಿ, ರೆಕಾರ್ಡುಗಳ ಧೂಳು ಒರೆಸತೊಡಗಿದರು. ಅದನ್ನು ಕಂಡ ಮೇಲೆ ನಾನು ಎದುರು ಮಾತಾಡಲಿಲ್ಲ. ಮಾರನೆಯ ವಾರ ಮಾವನೂ ನಾನೂ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆವು.

ಟಿವಿ ಅಂಗಡಿಯಲ್ಲಿ ಅಕ್ಷಯಾ ಅಂತ ಹುಡುಗಿ ಇದ್ದಳು, ಒಳ್ಳೆಯ ತಾಳ್ಮೆಯವಳು. “ಹಾಲ್ ಎಷ್ಟು ದೊಡ್ಡದಿದೆ ಅಂಕಲ್?” ಅಂತ ಮೊದಲು ಕೇಳಿದಳು. ಟಿವಿ ಕೆಳಗೆ ಇಡುವ ಉದ್ದನೆಯ ಸೌಂಡ್‌ಬಾರ್ ತೋರಿಸಿದಳು. ಮಾತು ಸ್ಪಷ್ಟವಾಗಿ ಬರುತ್ತದೆ, ಆದರೆ ರೆಕಾರ್ಡ್ ಪ್ಲೇಯರಿಗೆ ಅದರಲ್ಲಿ ಜಾಗವಿಲ್ಲ ಅಂದಳು. ಪ್ಲೇಯರಿನ ಮುಳ್ಳಿನಿಂದ ಬರುವ ಸದ್ದು ತೀರಾ ಸಣ್ಣದು, ಅದನ್ನು ಎತ್ತಿಕೊಡುವ ಪುಟ್ಟ ಆಂಪ್ಲಿಫೈಯರ್ ಬೇರೆ ಬೇಕಂತೆ. ಅದು ಒಳಗೇ ಇರುವ ಒಂದು ಜೊತೆ ಚಿಕ್ಕ ಸ್ಪೀಕರು ಇನ್ನೊಂದು ಕಡೆ ಇದ್ದವು, ಒಂದೊಂದೂ ಮನೆಯಿಂದ ಡೇರಿಗೆ ತರುವ ಹಾಲಿನ ಕ್ಯಾನಿನ ಗಾತ್ರ. ಹಿಂದೆ ಟಿವಿಗೆ ಒಂದು ತೂತು, ರೆಕಾರ್ಡಿಗೆ ಒಂದು ತೂತು. ನನಗೆ ಅಲ್ಲೇ ವ್ಯಾಪಾರ ಮುಗಿಯಿತು ಅನ್ನಿಸಿತು.

ಮಾವನಿಗೆ ಮುಗಿಯಲಿಲ್ಲ. “ಹಾಕಮ್ಮ, ಕೇಳಣ” ಅಂದವರೇ ಚಪ್ಪಲಿ ಮೆಟ್ಟಿಕೊಂಡು ಅಂಗಡಿಯಿಂದ ಹೊರಗೆ ನಡೆದರು. ಮೆಟ್ಟಿಲು ಇಳಿದು, ಲಾರಿ ಬಸ್ಸುಗಳ ನಡುವೆ ನುಗ್ಗಿ, ರಸ್ತೆ ದಾಟಿ, ಆಚೆ ಬದಿಯ ಹೋಟೆಲ್ ಮುಂದೆ ನಿಂತುಕೊಂಡರು. ಅಲ್ಲಿಂದ ಅಂಗೈ ಮೇಲೆ ಮಾಡಿ ಇನ್ನೂ ಎತ್ತು, ಇನ್ನೂ ಎತ್ತು ಅಂತ ಸನ್ನೆ. ಅಕ್ಷಯಾ ಗಾಬರಿಯಾಗಿ ನನ್ನ ಮುಖ ನೋಡಿದಳು.

ನನಗೆ ನಗುವೂ ಬಂತು, ರೇಗಿಯೂ ಹೋಯಿತು. ಮೈಕಿನವರು ಸದ್ದು ಪರೀಕ್ಷೆ ಮಾಡುವುದೇ ಹಾಗೆ. ಹಾರನ್ನು ಕಟ್ಟಿ, ಊರಾಚೆಯ ಹೊಲದ ತನಕ ನಡೆದು, ಅಲ್ಲಿಗೆ ಮಾತು ಒಡೆಯದೆ ಬಂದರೆ ಸೆಟ್ಟು ಸರಿ ಇದೆ ಅಂತ ಲೆಕ್ಕ. ಆ ಚಿಕ್ಕ ಸ್ಪೀಕರಿನ ಸದ್ದು ರಸ್ತೆ ದಾಟಲಿಲ್ಲ. ಕೊನೆಗೆ ಮೂಲೆಯಲ್ಲಿದ್ದ, ನನ್ನ ಎದೆಯುದ್ದದ, ಬಣ್ಣಬಣ್ಣದ ದೀಪ ಮಿನುಗುವ ಕಂಬದಂಥ ಸ್ಪೀಕರು ಹಾಕಿಸಿದರು. ಲಾರಿಗಳ ಹಾರನ್ನು ಮೀರಿ ಅದು ಅವರ ಕಿವಿ ಮುಟ್ಟಿತು. ಮಾವ ಗೆದ್ದವರ ಹಾಗೆ ರಸ್ತೆ ದಾಟಿ ಬಂದರು.

“ಅಂಕಲ್, ಇದು ಪಾರ್ಟಿಗಳಿಗೆ. ಮನೆಗೆ ಜಾಸ್ತಿ ಆಗತ್ತೆ” ಅಂದಳು ಅಕ್ಷಯಾ.

“ಮಾವ, ಅತ್ತೆ ರಸ್ತೆ ಆಚೆ ಕೂತ್ಕೊಳ್ಳಲ್ಲ, ನಡುಮನೇಲಿ ಕೂತ್ಕೊಳ್ತಾರೆ” ಅಂದೆ ನಾನು.

“ಕಿವಿ ಮಂದ ಇರೋರಿಗೆ ಜೋರು ಬೇಕು ಕಣಮ್ಮ ಪವಿತ್ರ. ಹುಟ್ಟಿದಾಗಿಂದ ನನ್ನ ಕಸುಬು ಇದು, ನೀನು ಸುಮ್ನಿರು.” ಕೋಣನ ಮುಂದೆ ಕಿನ್ನರಿ ಬಾರಿಸಲು ನನಗೆ ಪುರಸೊತ್ತಿರಲಿಲ್ಲ. ಒಂದು ಹೊಸ ಪ್ಲೇಯರನ್ನೂ ಅದಕ್ಕೊಂದು ಪುಟ್ಟ ಆಂಪ್ಲಿಫೈಯರನ್ನೂ ಆ ಕಂಬವನ್ನೂ ಗೂಡ್ಸ್ ಆಟೋಕ್ಕೆ ಹೇರಿಸಿಕೊಂಡು ಊರಿಗೆ ಬಂದೆವು.

ಸಂಜೆ ಅತ್ತೆಯನ್ನು ಕಂಬಕ್ಕೆ ಎದುರಾಗಿ ಕೂರಿಸಿ ಮಾವ ಗಣೇಶನ ರೆಕಾರ್ಡು ಹಾಕಿದರು. ಅಯ್ಯೋ, ಆ ಸದ್ದನ್ನು ಏನಂತ ಹೇಳಲಿ! ನಾಗಂದಿಗೆಯ ಮೇಲಿನ ಸ್ಟೀಲು ಪಾತ್ರೆಗಳು ಗಡಗಡ ಅಂದವು. ಹಟ್ಟಿಯಲ್ಲಿ ಹಸು ಹಗ್ಗ ಜಗ್ಗಿ ಒದ್ದಾಡಿತು. ಗೋಡೆಯ ಮೇಲೆ ಕೆಂಪು ನೀಲಿ ದೀಪ ಕುಣಿಯಿತು. ಅತ್ತೆ ಎರಡೂ ಕಿವಿ ಮುಚ್ಚಿಕೊಂಡು, “ನಿಲ್ಸ್ರೀ, ನಿಲ್ಸ್ರೀ” ಅನ್ನುತ್ತಾ ಎದ್ದು ಹಟ್ಟಿಗೆ ಹೋಗಿಬಿಟ್ಟರು.

ಮಾವ ಮುಳ್ಳು ಎತ್ತಿದರು. ಆಗ ನನ್ನ ಗಂಡ ಬಾಯಿಗೆ ಬಂದದ್ದು ಅಂದುಬಿಟ್ಟ. “ಕಿವುಡರ ಮುಂದೆ ಶಂಖ ಊದಿದಂಗಾಯ್ತು. ಸುಮ್ನೆ ಬಿಡಪ್ಪ.” ಅವನಿಗೆ ಅವ್ವನ ಮೇಲೆ ಪ್ರೀತಿ ಇಲ್ಲದೆ ಅಂದದ್ದಲ್ಲ, ನಾಲಿಗೆಗೆ ಮೂಳೆ ಇಲ್ಲದೆ ಅಂದದ್ದು. ಆದರೆ ಮಾವನ ಮುಖ ನೋಡಬೇಕಿತ್ತು ನೀವು. ಚಿರಂಜೀವಿಗೆ ನಾನು ಅವತ್ತು ನಮ್ಮ ಮನೆಯ ಕಟ್ಟಳೆ ಮುರಿದು ಗಟ್ಟಿಯಾಗಿಯೇ ಬೈದೆ.

ಆಮೇಲೆ ಹಟ್ಟಿಗೆ ಹೋಗಿ ಅತ್ತೆಯ ಪಕ್ಕ ಕೂತೆ. ಮೆಲ್ಲಗೆ ಕೇಳಿದೆ. “ಅಷ್ಟು ಜೋರಾಗಿ ಬರ್ತಿತ್ತಲ್ಲ ಅತ್ತೆ, ಯಾಕೆ ಎದ್ದು ಬಂದ್ರಿ?”

“ಜೋರು ಕೇಳಿಸ್ತೈತೆ ಕಣೇ. ಮಾತು ಕೇಳಿಸಲ್ಲ” ಅಂದರು ಅತ್ತೆ. “ನಿಮ್ಗೆಲ್ಲ ಗೊತ್ತಾದಾಗಿಂದ ಒಬ್ಬೊಬ್ರೂ ನನ್ನ ಹತ್ರ ಕೂಗ್ತೀರ. ಕೂಗಿದ್ರೆ ಸದ್ದು ಬಂದು ಮುಖಕ್ಕೆ ಹೊಡೀತೈತೆ, ಮಾತು ಚೂರಾಗೋಗ್ತೈತೆ. ಈಗ ನೀನು ಹತ್ರ ಕೂತು ಮೆಲ್ಲಗೆ ಕೇಳ್ದೆ. ಎಲ್ಲಾ ಕೇಳಿಸ್ತು ನೋಡು.”

ನನಗೆ ಅಳು ಬಂತು. ನಾವು ಪ್ರೀತಿ ಅಂದುಕೊಂಡು ಇಷ್ಟು ದಿನ ಆ ಜೀವದ ಮುಂದೆ ಕಿರುಚಿದ್ದೇ ಬಂತು. ಒಳಗೆ ಬಂದು ಮಾವನಿಗೆ ಹೇಳಿದೆ. ಅವರು ಆ ಕಂಬದ ವೈರು ಕಿತ್ತು ಸುತ್ತತೊಡಗಿದರು.

“ಹತ್ರ ಅನ್ನೋದೇ ನಂಗೊತ್ತಿಲ್ಲವಲ್ಲಮ್ಮ” ಅಂದರು. “ಹಾರನ್ನು ಊರ ಕಡೆ ಬಾಯಿ ತಿರುಗ್ಸಿರ್ತಿತ್ತು, ನಾನು ಅದರ ಬೆನ್ನಿಂದೆ ಕೂತಿರ್ತಿದ್ದೆ. ಎಷ್ಟು ದೂರ ಹೋಯ್ತು ಅನ್ನೋದೊಂದೇ ನನ್ನ ಲೆಕ್ಕ. ಹತ್ರದೋರಿಗೆ ಹೆಂಗೆ ಕೇಳಿಸ್ತಿತ್ತೋ, ನಾನು ಯಾವತ್ತೂ ಕೂತು ಕೇಳಿಲ್ಲ.”

ಅವರು ಸೋಲೊಪ್ಪಿಕೊಳ್ಳುವುದನ್ನು ನಾನು ನೋಡಿದ್ದು ಅದೇ ಮೊದಲು. ಬೈಯಬೇಕು ಅಂತ ಇಟ್ಟುಕೊಂಡಿದ್ದ ಮಾತೆಲ್ಲ ಹಾಗೇ ನುಂಗಿಕೊಂಡೆ.

ಮತ್ತೆ ಚಿಕ್ಕಬಳ್ಳಾಪುರ. ಅಂಗಡಿಯ ಯಜಮಾನರು ಸ್ವಲ್ಪ ಗೊಣಗಿ ಕಂಬವನ್ನು ವಾಪಸ್ಸು ತೆಗೆದುಕೊಂಡರು. ಈ ಸಲ ಮಾವ ರಸ್ತೆಗೆ ಇಳಿಯಲಿಲ್ಲ. ಜೇಬಿನಿಂದ ಹತ್ತಿ ತೆಗೆದು ಎರಡೂ ಕಿವಿಗೆ ಗಟ್ಟಿಯಾಗಿ ತುರುಕಿಕೊಂಡರು. ಅತ್ತೆ ಕೂರುವ ಹಾಗೆ ನೆಲದ ಮೇಲೆ ಕಾಲು ಚಾಚಿ, ಫ್ರಿಜ್ಜಿನ ರಟ್ಟಿನ ಡಬ್ಬಕ್ಕೆ ಬೆನ್ನು ಕೊಟ್ಟು ಕೂತರು. “ಈಗ ಆ ಚಿಕ್ಕವು ಹಾಕಮ್ಮ. ಮೆಲ್ಲಗೆ ಹಾಕು” ಅಂದರು. ಅಕ್ಷಯಾ ಒಂದು ಮಾತೂ ಕೇಳದೆ ಎರಡು ಪುಟ್ಟ ಸ್ಪೀಕರುಗಳನ್ನು ಅವರ ಕಿವಿಯ ಎತ್ತರಕ್ಕೆ ಡಬ್ಬಗಳ ಮೇಲೆ ಇಟ್ಟಳು. ಮೊದಲು ಟಿವಿಯಿಂದ ವಾರ್ತೆ ಓದುವ ದನಿ. ಆಮೇಲೆ ಮಾವನ ಚೀಲದಲ್ಲಿದ್ದ ರೆಕಾರ್ಡು. ಮಾವ ಕಣ್ಣು ಮುಚ್ಚಿ ಕೇಳಿದರು. ಒಮ್ಮೆ ಎಡಗಡೆಯದನ್ನು ಹತ್ತಿರ ಎಳೆದುಕೊಂಡರು, ಒಮ್ಮೆ ಅವೆರಡೂ ತಮ್ಮ ಕಡೆ ಸ್ವಲ್ಪ ವಾರೆಯಾಗುವಂತೆ ತಿರುಗಿಸಿದರು. ಗಿರಾಕಿಗಳು ಅವರನ್ನು ದಾಟಿಕೊಂಡು ಓಡಾಡುತ್ತಿದ್ದರು.

“ಹತ್ತಿ ಒಳಗೂ ಮಾತು ಬಂತು ಕಣಮ್ಮ” ಅಂತ ಎದ್ದರು. ನನ್ನ ಕಿವಿಗೂ ಹತ್ತಿ ತುರುಕಿ ಕೂರಿಸಿ ಖಾತ್ರಿ ಮಾಡಿಕೊಂಡ ಮೇಲೇ ಅವರಿಗೆ ಸಮಾಧಾನ.

ಮನೆಗೆ ತಂದ ಮೇಲೆ ಹಳೆ ಚಾಳಿ ಮತ್ತೆ ಎದ್ದಿತು. ಏಣಿ ತಂದು ಬಾಗಿಲ ಮೇಲೆ ಮೊಳೆ ಹೊಡೆಯಲು ಹೊರಟರು. ಮೇಲೆ ಕಟ್ಟದೆ ನೆಲದಲ್ಲಿ ಇಡುವುದನ್ನು ಅವರ ಕೈ ಒಪ್ಪುತ್ತಿರಲಿಲ್ಲ. ನಾನು ಏಣಿ ಕಿತ್ತುಕೊಂಡೆ. ಮೊದಲು ಹುಳುವಿನ ತಟ್ಟೆಗಳಿದ್ದ ಜಾಗದಲ್ಲಿ, ಅತ್ತೆ ಒರಗುವ ಮನೆಯ ಮರದ ಕಂಬದ ಆಚೆ ಒಂದು ಈಚೆ ಒಂದು ಸ್ಟೂಲು ಇಟ್ಟು, ಅದರ ಮೇಲೆ ಆ ಜೊತೆಯನ್ನು ಕೂರಿಸಿದೆವು. ಸಂಜೆ ಧಾರಾವಾಹಿ ಬಂತು. ಅತ್ತೆ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ತೊಡೆ ತಟ್ಟಿ, “ಸುಳ್ಳು ಹೇಳ್ತಾವ್ಳೆ ಕಣೇ ಅವ್ಳು” ಅಂದರು. ನಾನು ತರಕಾರಿ ಹೆಚ್ಚುತ್ತಾ ಕೇಳಿಸಿಕೊಂಡೇ ಇರಲಿಲ್ಲ. ಈಗ ನಾನೇ “ಏನಂದ್ಲು ಅತ್ತೆ?” ಅಂತ ಕೇಳಬೇಕಾಯಿತು.

ರೆಕಾರ್ಡುಗಳಿಗೆ ಮಾವ ಭಾನುವಾರದ ತನಕ ಕಾದರು. ಮಧ್ಯಾಹ್ನದ ಊಟವಾಗಿತ್ತು. ಮಾವ ಬಿಳಿ ಪಂಚೆ ಉಟ್ಟು ಬಂದರು. ಮದುವೆ ಮನೆಯ ಕ್ರಮದಲ್ಲೇ ಮೊದಲು ಗಣೇಶ. ಅತ್ತೆ ಕಂಬಕ್ಕೆ ಒರಗಿ, ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಹಾಡು ಶುರುವಾದ ಮೇಲೆ ಅಗಿಯುವುದನ್ನು ನಿಲ್ಲಿಸಿದರು.

“ಇದ್ರಲ್ಲಿ ವೀಣೆ ಇತ್ತೇನ್ರೀ?”

ಮಾವ ಅವರ ಪಕ್ಕಕ್ಕೆ ಬಂದು ಕೂತು ಕಿವಿ ಕೊಟ್ಟರು. ಹಾರನ್ನು ಅದನ್ನೆಲ್ಲ ನುಂಗಿಬಿಡುತ್ತಿತ್ತಂತೆ. “ನನಗೂ ಇವತ್ತೇ ಗೊತ್ತಾಗಿದ್ದು ಕಣೇ” ಅಂದರು. ಅಷ್ಟು ವರ್ಷ ಅದೇ ರೆಕಾರ್ಡನ್ನು ಊರೂರಿಗೆ ಹಾಡಿಸಿದ ಮನುಷ್ಯ. ಇಬ್ಬರೂ ಮಕ್ಕಳ ಹಾಗೆ ಒಂದೊಂದು ರೆಕಾರ್ಡಿನಲ್ಲೂ ಇಲ್ಲಿ ಕೊಳಲು, ಅಲ್ಲಿ ಗೆಜ್ಜೆ ಅಂತ ಹುಡುಕುತ್ತಾ ಕೂತರು. ನನಗೆ ಈ ಹಾಡು ಗೀಡು ಅಷ್ಟಕ್ಕಷ್ಟೆ, ಆದರೂ ಎದ್ದು ಹೋಗಲು ಮನಸ್ಸು ಬರಲಿಲ್ಲ.

ಆಗಾಗಲೇ ಒಂದು ಮಾತು ನನಗೆ ಸ್ವಲ್ಪ ಸೋಜಿಗ ಅನ್ನಿಸಿತ್ತು. ಹೊಸ ಹಾಡು ಕೇಳುವವರ ಹಾಗೆ ಅತ್ತೆ ಕೇಳುತ್ತಿರಲಿಲ್ಲ. ಇದರಲ್ಲಿ ವೀಣೆ ಇತ್ತಾ ಅಂದರೆ ಏನರ್ಥ? ಕೇಳಿಯೇ ಇಲ್ಲದ ಹಾಡಿನ ಬಗ್ಗೆ ಯಾರಾದರೂ ಹಾಗೆ ಅನ್ನುತ್ತಾರೆಯೇ? ಮಾವನಿಗೆ ಅದು ಹೊಳೆಯಲಿಲ್ಲ, ಅವರು ಖುಷಿಯಲ್ಲಿದ್ದರು.

ಕೊನೆಗೆ ಮಂಗಳದ ರೆಕಾರ್ಡು. ಅದು ಹಾಡಿ ಮುಗಿಯಿತು. ಮುಳ್ಳು ಸುಮ್ಮನೆ ಕೆರೆಯುತ್ತಿತ್ತು. ಅತ್ತೆ ನೆಲಕ್ಕೆ ಕೈ ಊರಿ ಎದ್ದು, ಸೆರಗು ಸಿಕ್ಕಿಸಿಕೊಂಡು, ಅಡುಗೆ ಮನೆಯ ಕಡೆ ನಡೆದರು.

“ಎಲ್ಲಿಗೆ ಹೊಂಟೆ?” ಅಂದರು ಮಾವ.

“ಮುದ್ದೆಗೆ ಎಸರಿಡಕ್ಕೆ.”

“ಈಗ ತಾನೇ ಉಂಡ್ವಲ್ಲೇ!”

ಅತ್ತೆ ಬಾಗಿಲಲ್ಲಿ ನಿಂತರು. ತಮಗೇ ಆಶ್ಚರ್ಯವಾದವರ ಹಾಗೆ ನಕ್ಕರು. “ಅಯ್ಯೋ, ಅಭ್ಯಾಸ ಕಣ್ರೀ. ಗಾಳಿ ಈ ಕಡೆ ಬೀಸಿದ್ರೆ ಕೆರೆ ಆಚೆಯಿಂದ ಈ ಪ್ಲೇಟು ಕೇಳಿಸ್ತಿತ್ತು. ಇದು ಹಾಡಿದ ಮೇಲೆ ನಾನು ಎಸರಿಡ್ತಿದ್ದೆ. ನೀವು ವೈರು ಸುತ್ತಿ, ಸೈಕಲ್ ತುಳ್ಕೊಂಡು ಬರೋ ಹೊತ್ತಿಗೆ ಮುದ್ದೆ ಸರಿಹೋಗ್ತಿತ್ತು.”

ಹುಳು ಮಲಗಿದ ಮನೆಯಲ್ಲಿ ಒಬ್ಬರೇ ಎಚ್ಚರವಾಗಿದ್ದುಕೊಂಡು, ಕೆರೆಯ ಆಚೆಯ ಸದ್ದಿಗೆ ಕಿವಿ ಕೊಟ್ಟು ಕೂತ ಅತ್ತೆ ನನ್ನ ಕಣ್ಣಿಗೆ ಕಟ್ಟಿದರು.

“ಚಿಂತಾಮಣಿಗೆ ಹೋದ ದಿನ ಮುದ್ದೆ ಆರಿರ್ತಿತ್ತಲ್ಲ?” ಅಂತ ಮಾವ ಕೇಳಿದರು. ಕೂತಲ್ಲಿಂದಲೇ, ತಮಗೆ ತಾವೇ ಅನ್ನುವ ಹಾಗೆ. ಅತ್ತೆಗೆ ಕೇಳಿಸಲಿಲ್ಲ. ಮಾವ ಎದ್ದು ಹತ್ತಿರ ಹೋಗಿ, ಮೆಲ್ಲಗೆ ಇನ್ನೊಮ್ಮೆ ಕೇಳಿದರು.

“ಅಷ್ಟು ದೂರದ್ದು ಎಲ್ಲಿ ಕೇಳಿಸ್ತೈತೆ? ಕಾದು ಕಾದು ಸಾಕಾಗಿ ಮಾಡಿ ಮುಚ್ಚಿಡ್ತಿದ್ದೆ.”

“ನಾನು ನಿಂಗೆ ಕೋಪ ಅಂದ್ಕೊಂಡಿದ್ದೆ ಕಣೇ.”

“ಕೋಪಾನೂ ಇತ್ತು” ಅಂದರು ಅತ್ತೆ.

ನಾನು ನಕ್ಕೆ, ಕಣ್ಣಲ್ಲಿ ನೀರೂ ಬಂತು. ಮಾವ ಅತ್ತೆಯ ಕೈ ಹಿಡಿದು ಕರೆತಂದು ಕಂಬದ ಹತ್ತಿರ ಕೂರಿಸಿದರು. ಸೊಸೆಯ ಎದುರಿಗೆ ಅವರು ಅತ್ತೆಯ ಕೈ ಹಿಡಿದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. “ಎಸರೇನೂ ಬೇಡ, ಕೂತ್ಕೊ” ಅಂದರು. “ನಾನು ಮನೇಗೆ ಬಂದಾಯ್ತಲ್ಲ.”

ಆಮೇಲೆ ಮುಳ್ಳು ಎತ್ತಿ, ಮಂಗಳದ ರೆಕಾರ್ಡನ್ನು ಮತ್ತೆ ಮೊದಲಿನಿಂದ ಹಾಕಿ, ಬಂದು ಅತ್ತೆಯ ಪಕ್ಕ ಕೂತರು.